☸️ ಇಂದಿನ ಧಮ್ಮಚಿಂತನೆ: ರೋಗಿಯ ಹಾಸಿಗೆಯ ಬಳಿ ಯಾರಿದ್ದಾರೆ?



ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತಿದ್ದ ಭಿಕ್ಷುವೊಬ್ಬ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಅವನಿಂದ ತಮಗೇನೂ ಉಪಯೋಗವಿಲ್ಲವೆಂದು ಉಳಿದ ಭಿಕ್ಷುಗಳು ಅತ್ತ ಸುಳಿಯಲಿಲ್ಲ. ಬುದ್ಧರು ಆನಂದನಿಂದ ನೀರು ತರಿಸಿದರು. ಇಬ್ಬರೂ ಸೇರಿ ಅವನ ಮೈ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬುದು ಅಂದು ಅವರು ಸಂಘಕ್ಕೆ ಹೇಳಿದ ಮಾತಿನ ತಿರುಳು.

ಈ ರಜೆಯಲ್ಲಿ ಲುಂಬಿನಿಗೆ ಹೋದವನು, ಪಾಲ್ಪಾ ಜಿಲ್ಲೆಯ ಬೆಟ್ಟ ಹತ್ತಿ ದೊಡ್ಡಪ್ಪನ ಮಗಳ ಮನೆಗೂ ಹೋದೆ. ಬೀದರಿನಲ್ಲಿ ದೊಡ್ಡಪ್ಪ ಕ್ರೈಸ್ತರಾದರು, ಅಪ್ಪ ಧಮ್ಮ ಸ್ವೀಕರಿಸಿದರು. ಇಬ್ಬರೂ ಹೊರಬಂದದ್ದು ಒಂದೇ ಜಾತಿಯ ಬೆಂಕಿಯಿಂದ. ಅಕ್ಕ ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸು, ಭಾವ ಲ್ಯಾಬಿನಲ್ಲಿದ್ದಾರೆ.

ವಾರ್ಡಿನಲ್ಲಿ ಒಬ್ಬ ಮುದುಕ. ಸಾರ್ಕಿ, ಅಂದರೆ ಅಲ್ಲಿನ ಚರ್ಮದ ಕೆಲಸದ ಸಮುದಾಯದವನು. ದುಡಿಯುವ ಮಗ ಕೊಲ್ಲಿ ದೇಶದಲ್ಲಿ. ಅಕ್ಕ ಹುಣ್ಣು ತೊಳೆಯಲು ಕೈಚಾಚಿದರೆ ಕಾಲು ಹಿಂದಕ್ಕೆಳೆದುಕೊಂಡ. ನೇಪಾಳದಲ್ಲಿ ಅಸ್ಪೃಶ್ಯತೆಯ ವಿರುದ್ಧ 2011ರಲ್ಲೇ ಕಾಯ್ದೆ ಬಂದಿದೆ. ಆ ಕಾಲಿಗೆ ಅಂಜಿಕೆ ಇನ್ನೂ ಬಿಟ್ಟಿರಲಿಲ್ಲ.

ಅಲ್ಲಿ ಮತಾಂತರ ಮಾಡಿಸುವುದು ಅಪರಾಧ. "ಯಾರನ್ನೂ ನಿಮ್ಮ ಧರ್ಮಕ್ಕ ಕರಿಯಂಗಿಲ್ಲ, ಮತ್ಯಾಕ ಇಷ್ಟು ದೂರ ಬಂದೀರಿ ಅಕ್ಕಾ?" ಎಂದೆ. "ಹುಣ್ಣಿಗಿ ಧರ್ಮ ಕೇಳಿ ಔಷಧ ಹಚ್ಚತಾರೇನು? ಈ ಕಾಲು ತೊಳಿಯೋವಾಗ ನನಗ ನಮ್ಮ ಮುತ್ತ್ಯಾನ ನೆನಪಾಗ್ತದ ತಮ್ಮಾ" ಎಂದಳು.

ಬಂಧುಗಳೇ, ಅವರ ದೇವರು ನಮ್ಮ ದಾರಿಯಲ್ಲ. ಸೇವೆಯನ್ನು ಗಾಳವಾಗಿ ಬಳಸುವವರು ಯಾವ ಧರ್ಮದಲ್ಲಿದ್ದರೂ ನಾವು ಪ್ರಶ್ನಿಸಬೇಕು. ಆದರೆ ಪ್ರತಿಫಲವಿಲ್ಲದ ಸೇವೆಯನ್ನು ಕಂಡಾಗ ಅದನ್ನು ಕರುಣೆ ಎಂದು ಗುರುತಿಸಬೇಕು.

ಬಾಬಾಸಾಹೇಬರು ಇದನ್ನು ಗಟ್ಟಿಯಾಗಿಯೇ ಹೇಳಿದ್ದಾರೆ. ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲಿ ಅವರ ಪ್ರಶ್ನೆ: ಭಿಕ್ಷು ಎಂದರೆ ಬರೀ ಪರಿಪೂರ್ಣ ಮನುಷ್ಯನೋ, ಸಮಾಜಸೇವಕನೋ? ತನ್ನ ಪರಿಪೂರ್ಣತೆಯಷ್ಟೇ ನೋಡಿಕೊಳ್ಳುವವನಿಂದ ಧಮ್ಮ ಬೆಳೆಯದು, ಸೇವಕನಾದವನೇ ಅದರ ಭರವಸೆ ಎಂಬುದು ಅವರ ನಿಲುವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಅವರು, ನವೆಂಬರಿನಲ್ಲಿ ಆರೋಗ್ಯ ಕೆಟ್ಟಿದ್ದರೂ ಇದೇ ನೇಪಾಳಕ್ಕೆ, ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿ ಮಾತಾಡಿದರು. ಡಿಸೆಂಬರ್ 6ಕ್ಕೆ ನಮ್ಮನ್ನಗಲಿದರು.

ನಾವು ಜಯಂತಿಗೆ ಮೆರವಣಿಗೆ ಮಾಡುತ್ತೇವೆ, ವಿಹಾರ ಕಟ್ಟುತ್ತೇವೆ. ಮಾಡಲೇಬೇಕು. ಆದರೆ ನಮ್ಮ ಕೇರಿಯಲ್ಲಿ ಲಕ್ವ ಹೊಡೆದು ಮಲಗಿದವರ ಹಾಸಿಗೆ ಬದಲಿಸುವವರು ಯಾರು? ಡಯಾಲಿಸಿಸ್‌ಗೆ ಒಂಟಿಯಾಗಿ ಬಸ್ಸು ಹತ್ತುವ ತಾಯಿಯ ಜೊತೆ ಹೋಗುವವರು ಯಾರು? 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೂ ದಯೆ ತೋರುತ್ತೇನೆಂದು ನಾವು ಮಾತು ಕೊಟ್ಟಿದ್ದೇವೆ.

🪷 ಇಂದಿನ ಸಂಕಲ್ಪ: ಈ ಭಾನುವಾರ ವಂದನೆ ಮುಗಿದ ಮೇಲೆ ಇಬ್ಬಿಬ್ಬರಾಗಿ ಒಬ್ಬ ರೋಗಿಯ ಮನೆಗೆ ಹೋಗೋಣ. ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದು ಬೇಡ, ಫೋಟೋ ತೆಗೆಯುವುದೂ ಬೇಡ. ಏನು ಕೆಲಸವಿದೆ ಎಂದು ಕೇಳಿ, ಮಾಡಿ ಬರೋಣ.

ಭವತು ಸಬ್ಬ ಮಂಗಲಂ 🙏