ತಡವಾದದ್ದು ಯಾರಿಂದ?

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿಯೂರು ಕೆಜಿಎಫ್‌ನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂನಿಂದ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಆ ಬೋಗಿಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ಎರಡು ಮುಟ್ಟಿನ ನಡುವೆ ರಕ್ತ ಕಾಣಿಸುತ್ತಿದೆ, ಬಿಳಿಸೆರಗಿಗೆ ಕೆಟ್ಟ ವಾಸನೆ. ಗಂಡನಿಗೆ ಹೇಳಲು ನಾಚಿಕೆ. 'ಮುಟ್ಟು ನಿಲ್ಲೋ ವಯಸ್ಸು, ಹೀಗೇ ಆಗುತ್ತೆ' ಅಂದಿದ್ದಾಳೆ ನೆರೆಯವಳು. ರಜೆ ಹಾಕಿದರೆ ಅವತ್ತಿನ ಕೂಲಿಯಿಲ್ಲ. ಕಡೆಗೊಮ್ಮೆ ಅವಳು ಆಸ್ಪತ್ರೆಗೆ ಹೋದಾಗ ಎಲ್ಲರೂ ಕೇಳುವುದು ಒಂದೇ: ಇಷ್ಟು ದಿನ ಯಾಕೆ ಸುಮ್ಮನಿದ್ದೆ?

ಈ ಪ್ರಶ್ನೆ ಅನ್ಯಾಯದ್ದು. ಯಾಕೆಂದು ತಿಳಿಯಲು ಅವಳ ರೋಗ, ಗರ್ಭಕೊರಳಿನ ಕ್ಯಾನ್ಸರ್, ಹರಡುವ ಬಗೆಯನ್ನು ನೋಡಬೇಕು. ಗರ್ಭಕೊರಳಿನ ಮೇಲ್ಪದರದ ಕೆಳಗೆ ನಾಲ್ಕನೇ ಬಗೆಯ ಕೊಲಾಜೆನ್‌ನಿಂದ ಹೆಣೆದ ತೆಳುಪೊರೆಯೊಂದಿದೆ. ಎಚ್‌ಪಿವಿ ಎಂಬ ವೈರಸ್‌ನ ಸೋಂಕಿನಿಂದ ಕೆಟ್ಟ ಕೋಶಗಳು ಅದರ ಮೇಲಿರುವವರೆಗೆ ಕ್ಯಾನ್ಸರ್ ಅಲ್ಲ, ಸಣ್ಣ ಚಿಕಿತ್ಸೆಯಲ್ಲಿ ಹೋಗುತ್ತದೆ. ಆ ಪೊರೆಯನ್ನು ಕತ್ತರಿಸುವ ಕಿಣ್ವಗಳಲ್ಲಿ ಮುಖ್ಯವಾದವು ಎಂಎಂಪಿ-2 ಮತ್ತು ಎಂಎಂಪಿ-9. ಇವು ಹೊರಗಿನ ಶತ್ರುಗಳಲ್ಲ. ಗಾಯ ಮಾಯುವಾಗ, ತಿಂಗಳ ಮುಟ್ಟಿನಲ್ಲಿ ಗರ್ಭಕೋಶದ ಒಳಪದರ ಕಳಚುವಾಗ ಇದೇ ಕುಟುಂಬದ ಕಿಣ್ವಗಳು ದುಡಿಯುತ್ತವೆ. ಇವನ್ನು ತಡೆಯಲು 1990ರ ದಶಕದಲ್ಲಿ ಮಾರಿಮಾಸ್ಟಾಟ್‌ನಂಥ ಔಷಧಿಗಳನ್ನು ಹಲವು ಕ್ಯಾನ್ಸರ್‌ಗಳ ಮೇಲೆ ಪ್ರಯೋಗಿಸಿದರು. ರೋಗ ಜಗ್ಗಲಿಲ್ಲ, ರೋಗಿಗಳ ಕೀಲು ಹಿಡಿದುಕೊಂಡವು.

ಹಾಗಾಗಿ ನಮ್ಮ ಕೈಲಿರುವುದು ಪೊರೆ ಹರಿಯುವ ಮುಂಚಿನ ಕಾಲ. ಅದೇನು ಕಡಿಮೆಯಲ್ಲ: ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ. ಆ ವರ್ಷಗಳಲ್ಲಿ ನೋವಿಲ್ಲ, ರಕ್ತವಿಲ್ಲ. ರಕ್ತ ಕಾಣುವ ಹೊತ್ತಿಗೆ ಎಷ್ಟೋ ಸಲ ಪೊರೆ ಹರಿದಾಗಿರುತ್ತದೆ. ಅಂದರೆ ಅವಳು ನಾಚಿ ಕಳೆದದ್ದು ಕೆಲವು ತಿಂಗಳು, ಅವಳನ್ನು ಯಾರೂ ಕರೆಯದೆ ಕಳೆದದ್ದು ಹತ್ತಾರು ವರ್ಷ.

ರೋಗವನ್ನು ಹುಡುಕಿಕೊಂಡು ಹೋಗುವುದು ಈ ಊರಿಗೆ ಹೊಸದಲ್ಲ. ಗಣಿಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು ಕೆಜಿಎಫ್‌ನಿಂದ, 1940ರ ದಶಕದಲ್ಲಿ. ಗಂಡಸರ ಎದೆಯ ಧೂಳನ್ನು ಎಕ್ಸ್‌ರೇಯಲ್ಲಿ ಹುಡುಕಿದ ಊರಿದು. ಹೆಂಗಸರ ಈ ರೋಗವನ್ನು ಹುಡುಕಲು ಎಕ್ಸ್‌ರೇಯೂ ಬೇಡ, ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುಮಾಡಿ ಗರ್ಭಕೊರಳಿಗೆ ಹಚ್ಚಿ ನೋಡಿದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗರ್ಭಕೊರಳಿನ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ತಪ್ಪು ಅವಳದಲ್ಲ. ಈ ರೈಲಿನಲ್ಲಿ ಬರುವ ಹೆಂಗಸರಿಂದ ಕೆಲಸ ಮಾಡಿಸಿಕೊಳ್ಳುವವರೇ, ಐದು ವರ್ಷಕ್ಕೊಂದು ದಿನ ಸಂಬಳ ಕೊಟ್ಟು ಅವರನ್ನು ತಪಾಸಣೆಗೆ ಕಳಿಸಿಕೊಡಿ. ಗಂಡಂದಿರೇ, ಅವತ್ತು ಜೊತೆಗೆ ಹೋಗಿ.