ಹಿಂದೆ ಕಾಣುವವರು

ಮಕ್ಕಳ ಫೋಟೊ ತೆಗೆಯುವ ಎಲ್ಲರಿಗೂ ಈ ತೊಂದರೆ ಗೊತ್ತು. ಮಗು ಚೆನ್ನಾಗಿ ನಕ್ಕಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ, ಮನೆಗೆ ಬಂದು ನೋಡಿದರೆ ತಲೆಯ ಮೇಲಿಂದ ಲೈಟುಕಂಬ ಎದ್ದಿರುತ್ತದೆ. ಕಾಪು ಬೀಚಿನಲ್ಲಿ ಇದು ಇನ್ನೂ ಮಜಾ. ಮಗುವಿನ ಎತ್ತರಕ್ಕೆ ಕೂತು ತೆಗೀರಿ, ಹಿಂದೆ ಆಕಾಶ ಮಾತ್ರ ಬರ್ತದೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಕೂತರೆ 1901ರ ಆ ದೀಪಸ್ತಂಭ ಮಗುವಿನ ನೆತ್ತಿಯಿಂದ ಕೊಂಬಿನ ಹಾಗೆ ಹೊರಡುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಸರಿಹೋಗುತ್ತದೆ ಅನ್ನಿ.

ಹೀಗೆ ಸರಿಯುವುದರಲ್ಲಿ ನನಗೆ ಯಾವ ನೈತಿಕ ಪ್ರಶ್ನೆಯೂ ಕಾಣುವುದಿಲ್ಲ. ಫ್ರೇಮ್ ಇಡುವುದು ಅಂದರೇನೇ ಉಳಿದದ್ದನ್ನು ಬಿಡುವುದು. ಮಗುವನ್ನು ಗೋಡೆಯಿಂದ ದೂರ ನಿಲ್ಲಿಸಿ, ಎಫ್ 1.8ರಂಥ ದೊಡ್ಡ ಅಪರ್ಚರ್ ಇಟ್ಟು ಹಿಂದಿನದನ್ನು ಮಸುಕು ಮಾಡುವುದೂ ಅಷ್ಟೇ. ಮಸುಕಾದರೂ ಅಲ್ಲಿ ಏನೋ ಇತ್ತು ಅನ್ನುವುದು ಫೋಟೊದಲ್ಲಿ ಉಳಿದಿರುತ್ತದೆ. 2016ರಲ್ಲಿ ಐಫೋನ್ 7 ಪ್ಲಸ್‌ಗೆ ಪೋರ್ಟ್ರೇಟ್ ಮೋಡ್ ಬಂದಾಗ ದೊಡ್ಡ ಲೆನ್ಸಿನ ಕೆಲಸವನ್ನು ಸಾಫ್ಟ್‌ವೇರ್ ಮಾಡತೊಡಗಿತು. ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕಿ ದೂರದ್ದನ್ನು ಮಸುಕು ಮಾಡುವುದು. ಅಲ್ಲಿಯವರೆಗೂ ಪರವಾಗಿಲ್ಲ.

2021ರಲ್ಲಿ ಪಿಕ್ಸೆಲ್ 6ರ ಜೊತೆ ಮ್ಯಾಜಿಕ್ ಇರೇಸರ್ ಬಂತು. ಬೆರಳಿನಲ್ಲಿ ಒಂದು ಸುತ್ತು ಹಾಕಿದರೆ ಮನುಷ್ಯ ಮಾಯ. ಈಗ ಇದು ಹೆಚ್ಚಿನ ಫೋನುಗಳಲ್ಲಿ ಒಂದಲ್ಲ ಒಂದು ಹೆಸರಿನಲ್ಲಿ ಇದೆ. ಅಳಿಸಿದ ಜಾಗವನ್ನು ಖಾಲಿ ಬಿಡಲಿಕ್ಕೆ ಆಗುವುದಿಲ್ಲವಲ್ಲ, ಹಾಗಾಗಿ ಸುತ್ತಮುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ, ಅಲ್ಲಿ ಏನಿದ್ದಿರಬಹುದು ಅಂತ ಊಹಿಸಿ ಫೋನೇ ತುಂಬುತ್ತದೆ. ಮನುಷ್ಯ ಇದ್ದಲ್ಲಿ ಯಾವತ್ತೂ ಚಿಗುರದ ಎಲೆ ಬರುತ್ತದೆ.

ಹಾಗಾದರೆ ಸುಳ್ಳು ಅನ್ನುವುದೇ ಸಮಸ್ಯೆಯಾ? ಇರಲಿಕ್ಕಿಲ್ಲ. ಹಿಂದಿನ ಕಾಲದ ಸ್ಟುಡಿಯೋ ಫೋಟೊಗಳಲ್ಲಿ ಮಕ್ಕಳು ಅರಮನೆಯ ಮೆಟ್ಟಿಲಿನ ಚಿತ್ರದ ಎದುರು ಕಾಲುಚೀಲ ಹಾಕಿಕೊಂಡು ಗಾಬರಿಯಲ್ಲಿ ಕೂತಿರುತ್ತವೆ. ಅದು ಪರದೆ ಅಂತ ತೆಗೆದವನಿಗೂ ನೋಡಿದವನಿಗೂ ಗೊತ್ತಿತ್ತು, ಮೋಸಹೋದವರು ಯಾರೂ ಇಲ್ಲ. ಕಾಪುವಿನಲ್ಲಿ ಹಿಂದೆ ಬಿದ್ದ ಅಪರಿಚಿತ ಟೂರಿಸ್ಟರನ್ನು ಅಳಿಸಿದರೂ ಯಾರಿಗೂ ನಷ್ಟವಿಲ್ಲ. ಅವರು ಸಂತೋಷವೇ ಪಟ್ಟಾರು.

ನನಗೆ ತೊಡಕು ಕಂಡದ್ದು ಬೇರೆ ಕಡೆ. ನಮ್ಮ ಮನೆ ಶಂಕರಪುರದಲ್ಲಿ. ಊರಿನ ಹೆಸರು ಕೇಳಿದ ಕೂಡಲೇ ಜನ ‘ಓ, ಮಲ್ಲಿಗೆ’ ಅನ್ನುತ್ತಾರೆ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಕೂಡ ಸಿಕ್ಕಿದ ಹೂವು ಅದು. ರಜೆಯಲ್ಲಿ ಅಕ್ಕನ ಮಗಳು ಬಂದಿದ್ದಳು, ಮಲ್ಲಿಗೆ ಗಿಡಗಳ ನಡುವೆ ನಿಲ್ಲಿಸಿ ಫೋಟೊ ತೆಗೆದೆ. ಹಿಂದೆ ನೀಲಿ ಟರ್ಪಾಲು, ನೀರಿನ ಡ್ರಮ್ಮು, ಒಣಹಾಕಿದ ಬಟ್ಟೆ, ಜಗಲಿಯಲ್ಲಿ ಕಾಲು ಚಾಚಿ ಹೂ ಕಟ್ಟುತ್ತಿದ್ದ ದೊಡ್ಡಮ್ಮ. ಅಕ್ಕ ನೋಡಿದವಳೇ, “ಪಾಪು ಲಾಯ್ಕ ಬಂದಿದಾಳೆ. ಹಿಂದೆ ಇರೋದನ್ನೆಲ್ಲ ತೆಗೆದು ಕಳ್ಸು ಮಾರಾಯ,” ಅಂದಳು.

‘ಎಲ್ಲ’ ಅನ್ನುವ ಆ ಒಂದು ಶಬ್ದದಲ್ಲಿ ಡ್ರಮ್ಮೂ ದೊಡ್ಡಮ್ಮನೂ ಒಟ್ಟಿಗೇ ಹೋಗುತ್ತಿದ್ದರು.

ಹೂವಿನ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೊಗ್ಗು ಅರಳುವ ಮೊದಲು ಬೆಳಿಗ್ಗೆಯೇ ಕೊಯ್ಯಬೇಕು. ಬಾಳೆನಾರಿನಲ್ಲಿ ಒಂದೊಂದೇ ಸೇರಿಸಿ ಕಟ್ಟಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಸಲ ಬೆರಳು ಆಡಬೇಕು. ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು, ದರ ದಿನಾ ಬೇರೆ. ಮದುವೆ ಸೀಸನ್ನಿನಲ್ಲಿ ಏರಿದ್ದು ಮಳೆಗಾಲದಲ್ಲಿ ಎಲ್ಲಿಗೆ ಬೀಳುತ್ತದೋ ಹೇಳಲಿಕ್ಕಾಗುವುದಿಲ್ಲ. ನನ್ನ ಬಿಇ ಫೀಸಿನ ಒಂದು ಪಾಲು ಆ ಜಗಲಿಯಿಂದ ಬಂದದ್ದು, ಅಕ್ಕನ ಮದುವೆಯ ಬಳೆಯೂ ಅಲ್ಲಿಂದಲೇ. ಮಗು ಫೋಟೊದ ಮುಂದೆ ಗುಲಾಬಿ ಫ್ರಾಕು ಹಾಕಿ ನಿಲ್ಲಲಿಕ್ಕೆ ಕಾರಣವಾದದ್ದೇ ಹಿಂದೆ ಕೂತಿತ್ತು.

ಹತ್ತೊಂಬತ್ತನೇ ಶತಮಾನದ ಯುರೋಪು, ಅಮೆರಿಕಾಗಳಲ್ಲಿ ಒಂದು ಬಗೆಯ ಫೋಟೊ ಇತ್ತು. ಆಗ ಎಕ್ಸ್‌ಪೋಶರ್‌ಗೆ ಎಷ್ಟೋ ಸೆಕೆಂಡು ಬೇಕಿತ್ತು, ಮಗು ಅಷ್ಟು ಹೊತ್ತು ಅಲುಗಾಡದೆ ಇರುವುದು ಕಷ್ಟ. ಅದಕ್ಕೆ ತಾಯಿಯೇ ಮಗುವನ್ನು ಹಿಡಿದು ಕೂರುವುದು, ಅವಳ ಮೇಲೆ ಕುರ್ಚಿಗೆ ಹೊದಿಸಿದ ಹಾಗೆ ಒಂದು ಬಟ್ಟೆ ಹಾಕುವುದು. ಇಂಗ್ಲಿಷಿನಲ್ಲಿ ಅವಕ್ಕೆ ‘ಹಿಡನ್ ಮದರ್’ ಅಂತಲೇ ಹೆಸರು. ಇವತ್ತು ಆ ಫೋಟೊಗಳನ್ನು ನೋಡಿದರೆ ಕಣ್ಣು ಮೊದಲು ಹೋಗುವುದು ಮಗುವಿನ ಕಡೆಗಲ್ಲ, ಆ ಬಟ್ಟೆಯ ಕಡೆಗೆ. ಬಟ್ಟೆಯಾದರೂ ಕಾಣುತ್ತದೆ. ನಮ್ಮ ಫೋನು ಅಷ್ಟೂ ಗುರುತು ಬಿಡುವುದಿಲ್ಲ.

ಇಷ್ಟು ಹೇಳಿ ಅಕ್ಕನನ್ನು ಕೆಟ್ಟವಳನ್ನಾಗಿ ಮಾಡುವುದು ಸುಲಭ. ಆದರೆ ಅವಳ ಕಡೆಯೂ ನ್ಯಾಯ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಮಗಳ ಕ್ಲಾಸಿನ ಅಮ್ಮಂದಿರ ಗ್ರೂಪಿನಲ್ಲಿ, ಟರ್ಪಾಲು ಹೊದಿಸಿದ ಮನೆ ನೋಡಿದವರು ಏನು ಅಂದುಕೊಳ್ಳುತ್ತಾರೆ ಅಂತ ಅವಳಿಗೆ ಗೊತ್ತು. ಆ ನೋಟದ ಭಾರ ಹೊರುವುದು ಏಳು ವರ್ಷದ ಹುಡುಗಿ. ನನ್ನಂಥ ಗಂಡಸರಿಗೆ ಅದೇ ಡ್ರಮ್ಮು, ಅದೇ ಜಗಲಿ ‘ನಮ್ಮೂರು’ ಅಂತ ಕ್ಯಾಪ್ಶನ್ ಹಾಕಿ ಲೈಕು ತೆಗೆದುಕೊಳ್ಳುವ ಸರಕು. ನಾಚಿಕೆಯಿಂದ ಅಳಿಸುವುದಕ್ಕೂ ಹೆಮ್ಮೆಯಿಂದ ತೋರಿಸುವುದಕ್ಕೂ ಒಂದು ವಿಷಯದಲ್ಲಿ ಮಾತ್ರ ವ್ಯತ್ಯಾಸವೇ ಇಲ್ಲ: ಎರಡರಲ್ಲೂ ದೊಡ್ಡಮ್ಮನನ್ನು ಯಾರೂ ಕೇಳಿರುವುದಿಲ್ಲ.

2023ರ ಡೇಟಾ ಸಂರಕ್ಷಣೆ ಕಾಯಿದೆಯಲ್ಲಿ ಮಕ್ಕಳ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅಂತಿದೆ, ಆದರೆ ಸ್ವಂತದ, ಮನೆಮಟ್ಟಿನ ಬಳಕೆಗೆ ಅದು ಅನ್ವಯಿಸುವುದಿಲ್ಲ. ನಮ್ಮ ಫ್ಯಾಮಿಲಿ ಫೋಟೊದ ಹಿಂದೆ ಸಿಕ್ಕಿಬಿದ್ದವರ ಮಟ್ಟಿಗೆ ಕಾನೂನಿನ ಬದಲು ನಮ್ಮ ಮರ್ಯಾದೆಯೇ ಕೆಲಸ ಮಾಡಬೇಕು. ಸ್ಕೂಲ್ ಡೇ ಫೋಟೊದಲ್ಲಿ ಹಿಂದೆ ಬೇರೆ ಮಕ್ಕಳ ಮುಖ ಇದ್ದರೆ ಮಸುಕು ಮಾಡಿಯೇ ಹಾಕಬೇಕು ಅನ್ನುವವನು ನಾನು. ಅದು ಆ ಮಕ್ಕಳಿಗಾಗಿ ಮಾಡುವ ಕೆಲಸ. ಒಬ್ಬರನ್ನು ಅವರಿಗಾಗಿ ಮರೆಮಾಡುವುದು ಬೇರೆ, ಅವರಿಂದ ನಮ್ಮ ಚಿತ್ರ ಕೆಟ್ಟಿತು ಅಂತ ಮರೆಮಾಡುವುದು ಬೇರೆ. ಫೋನಿನ ಮೇಲೆ ಬೆರಳು ಸುತ್ತುವಾಗ ಎರಡೂ ಒಂದೇ ಥರ ಕಾಣುತ್ತವೆ. ಎದುರು ನಿಂತು ಕಾರಣ ಹೇಳಬೇಕಾಗಿ ಬಂದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲನೆಯದನ್ನು ಯಾರಿಗೆ ಬೇಕಾದರೂ ಹೇಳಬಹುದು. ಎರಡನೆಯದನ್ನು ದೊಡ್ಡಮ್ಮನ ಎದುರು ನಿಂತು ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಹಾಗಾಗಿ ಫೋಟೊ ಕಳಿಸುವ ಮೊದಲು ಅವರಿಗೇ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದರು. ಬೇಸರಪಡುತ್ತಾರೆ ಅಂತಲೋ ಖುಷಿಪಡುತ್ತಾರೆ ಅಂತಲೋ ಕಾದವನಿಗೆ ಸಿಕ್ಕಿದ್ದು ಶುದ್ಧ ತುಳುವಿನಲ್ಲಿ ಬೈಗುಳ. “ನೈಟಿಯಲ್ಲಿರುವಾಗ ಯಾರಾದರೂ ಫೋಟೊ ತೆಗೀತಾರಾ? ನನ್ನನ್ನು ತೆಗೆ ಅದರಿಂದ.” ಆಮೇಲೆ ಇನ್ನೊಮ್ಮೆ ನೋಡಿ, “ಆ ಹೂವು ಇರಲಿ. ಮೂರು ಚೆಂಡು ಆಗಿತ್ತು ಅಷ್ಟೊತ್ತಿಗೆ,” ಅಂದರು.

ಅಕ್ಕ ನಕ್ಕಳು, ಟರ್ಪಾಲಿನ ವಿಷಯ ಮತ್ತೆ ಎತ್ತಲಿಲ್ಲ. ದೊಡ್ಡಮ್ಮ ಸೀರೆ ಉಟ್ಟು ಬಂದ ಮೇಲೆ ಇನ್ನೊಂದು ಫೋಟೊ ತೆಗೆಯೋಣ ಅಂತಾಯಿತು. ಅವರು ಬರುವಷ್ಟರಲ್ಲಿ ಅಟ್ಟೆ ಕಟ್ಟೆಗೆ ಹೋಗಿಯಾಗಿತ್ತು, ಮಗು ಫ್ರಾಕು ಕೆಸರು ಮಾಡಿಕೊಂಡಿತ್ತು.