ಸಭೆಯಲ್ಲಿ ಮೌನವು ಸಮ್ಮತಿಯೇ?

ಅಜೆಕಾರಿನ ಹಳೆಯ ಮನೆಗಳ ನಡುವೆ ತೋಟವೋ ಗದ್ದೆಯೋ ಇರುತ್ತದೆ. ಅವರವರ ಬಾವಿ ಅವರವರಿಗೆ. ಅಂಥ ಊರುಗಳಿಂದ ಉಡುಪಿ, ಮಣಿಪಾಲಗಳ ವಸತಿ ಸಮುಚ್ಚಯಗಳಿಗೆ ಬಂದು ನೆಲೆಸಿದವರಿಗೆ ನೀರಿನ ಟ್ಯಾಂಕು, ಮೆಟ್ಟಿಲು, ಲಿಫ್ಟು ಎಲ್ಲವೂ ಹತ್ತಾರು ಮನೆಗಳ ಸೊತ್ತು. ಅವುಗಳ ಜೊತೆಗೇ ಮಾಲೀಕರ ಸಂಘದ ಸಭೆಯೂ ಬರುತ್ತದೆ. ಅದು ಹೇಗೆ ನಡೆಯಬೇಕೆಂಬುದನ್ನು ಬರಿಯ ಆಡಳಿತದ ಪ್ರಶ್ನೆಯೆಂದು ತಿಳಿಯುವುದು ಉಚಿತವಲ್ಲ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದಲ್ಲಿ ಬಹುಮತವೆಂದರೆ ತಲೆಯೆಣಿಕೆಯಲ್ಲ. ಘೋಷಣಾಪತ್ರದಲ್ಲಿ ಪ್ರತಿ ಮನೆಗೂ ನಿಗದಿಯಾದ ಪಾಲಿನಂತೆ ಶೇಕಡಾ 51 ಮತ. ಹೆಚ್ಚು ಬೆಲೆಯ ಮನೆಗೆ ಹೆಚ್ಚು ತೂಕ. ಕಾನೂನಿಗೆ ಇಷ್ಟು ಸಾಕು, ಧರ್ಮಕ್ಕೆ ಸಾಲದು.

ಲಿಫ್ಟನ್ನು ಬದಲಿಸುವ ಪ್ರಸ್ತಾಪ ಬಂದಿತೆನ್ನೋಣ. ನಾಲ್ಕನೆಯ ಅಂತಸ್ತಿನ ವೃದ್ಧೆಯೊಬ್ಬರಿಗೆ ಲಿಫ್ಟು ಬೇಕೇ ಬೇಕು; ಆದರೆ ತಮ್ಮ ಪಾಲಿನ ಹಣವನ್ನು ಪಿಂಚಣಿಯಿಂದ ಒಮ್ಮೆಗೇ ಕೊಡುವ ಶಕ್ತಿಯಿಲ್ಲ. ನಾಲ್ಕು ಜನರೆದುರು ಬಡತನವನ್ನು ಹೇಳಿಕೊಳ್ಳಲು ಸಂಕೋಚ. ಆಕೆ ಸುಮ್ಮನಿರುತ್ತಾರೆ. "ಯಾರದೂ ಆಕ್ಷೇಪವಿಲ್ಲವಷ್ಟೆ?" ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಸಾಗುತ್ತಾರೆ. ಮೌನವು ಸಮ್ಮತಿಯ ಲಕ್ಷಣವೆಂಬ ಲೋಕೋಕ್ತಿಯು ಎಷ್ಟು ಅಧ್ಯಕ್ಷರ ಕೆಲಸವನ್ನು ಹಗುರಗೊಳಿಸಿದೆಯೋ! ಸಪ್ತಭಂಗಿಯನ್ನು ಅರಿತ ಶ್ರಾವಕನು ಇದನ್ನು ಇಷ್ಟು ಸುಲಭವಾಗಿ ಒಪ್ಪಲಾರ. ಅಸ್ತಿ, ನಾಸ್ತಿ ಎರಡನ್ನೂ ಏಕಕಾಲದಲ್ಲಿ ಹೇಳಬೇಕಾದಾಗ ಮಾತು ಸೋಲುತ್ತದೆ. ಅದನ್ನೇ 'ಸ್ಯಾದವಕ್ತವ್ಯ' ಎಂದರು. ಆ ವೃದ್ಧೆಯ ಮೌನವೂ ಹೆಚ್ಚುಕಡಿಮೆ ಇದೇ ಜಾತಿಯದು. ಅದನ್ನು 'ಹೌದು' ಎಂದು ಎಣಿಸುವುದು ಆಕೆ ಆಡದ ಮಾತನ್ನು ಆಕೆಯ ಬಾಯಲ್ಲಿ ಇಟ್ಟಂತೆ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ಸಾಗುವುದೆಂತು ಎಂಬ ಆಕ್ಷೇಪವುಂಟು. ನಿಜ, ಅನೇಕಾಂತವು ತೀರ್ಮಾನವನ್ನು ಮುಂದೂಡುವ ನೆಪವಲ್ಲ. ಆದರೆ ಹೊತ್ತು ಕಳೆಯುವುದು ಕೇಳುವುದರಿಂದಲ್ಲ, ಸಿದ್ಧತೆಯಿಲ್ಲದ ವಾಗ್ವಾದದಿಂದ. ಅಂದಾಜು ವೆಚ್ಚವು ಒಂದು ವಾರ ಮೊದಲೇ ಮನೆಮನೆಗೆ ತಲುಪಲಿ. ಹೊರೆ ಯಾರಿಗೆ ಭಾರವೋ ಅವರನ್ನು ಬೇಕಿದ್ದರೆ ಏಕಾಂತದಲ್ಲಿ ಮೊದಲು ಕೇಳಲಿ. ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕಡೆಗೆ ಹೇಳಲಿ. ಕಂತುಗಳಲ್ಲಿ ಹಣ ಕಟ್ಟಿಸಿಕೊಳ್ಳುವ ದಾರಿಯು ಹೊಳೆಯುವುದು ಆ ಬಳಿಕವೇ.

ಇನ್ನು ನಡಾವಳಿ ಪುಸ್ತಕ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆಯನ್ನೂ, ಅಂದರೆ ಸುಳ್ಳು ಬರಹವನ್ನೂ ಎಣಿಸಿದೆ. ಸಭೆ ಚದುರಿದ ಎಷ್ಟೋ ದಿನಗಳ ಮೇಲೆ 'ಸರ್ವಾನುಮತದಿಂದ' ಎಂದು ಬರೆಯುವ ಕಾರ್ಯದರ್ಶಿಗೆ ಅದು ನೆನಪಾಗುವುದು ವಿರಳ. ಒಪ್ಪದವರ ಹೆಸರು, ಅವರು ಕೊಟ್ಟ ಕಾರಣ, ಏನೂ ಹೇಳದೆ ಉಳಿದವರ ಸಂಖ್ಯೆ ಇವಿಷ್ಟನ್ನು ಬರೆದು, ಎಲ್ಲರೂ ಏಳುವ ಮುನ್ನ ಗಟ್ಟಿಯಾಗಿ ಓದಿ ಹೇಳಲು ಹತ್ತು ನಿಮಿಷ ಹಿಡಿಯಬಹುದು.